ಸಿಂಗಪುರದಲ್ಲಿ ಮೇಜಿಗೆ ಟವಲು ಹಾಕುವ ಬಗೆ

ಸಿಂಗಪುರದಲ್ಲಿ ಬ್ಯಾಂಕುಗಳೂ ದೊಡ್ಡ ದೊಡ್ಡ ಕಂಪನಿಗಳೂ ಒತ್ತೊತ್ತಾಗಿ ನಿಂತಿರುವ ಪೇಟೆಯ ಮಗ್ಗುಲಲ್ಲೇ ಅಮಾಯ್ ಸ್ಟ್ರೀಟ್ ಫುಡ್ ಸೆಂಟರ್ ಎಂಬ ಎರಡಂತಸ್ತಿನ ಊಟದ ಕಟ್ಟಡವಿದೆ. ಬೆಳಗಿನ ಹೊತ್ತು ಅಲ್ಲಿ ಅಂಥ ಗಲಾಟೆಯೇನೂ ಇರುವುದಿಲ್ಲ. ಗಡಿಯಾರ ಹನ್ನೆರಡರ ಕಡೆ ಸರಿಯುತ್ತಿದ್ದಂತೆ ಸುತ್ತಲಿನ ಗಗನಚುಂಬಿ ಕಟ್ಟಡಗಳ ಲಿಫ್ಟುಗಳು ಜನರನ್ನು ಗುಂಪು ಗುಂಪಾಗಿ ಕೆಳಗಿಳಿಸತೊಡಗುತ್ತವೆ. ಕತ್ತಿನಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ನೌಕರರು, ಟೈ ಸಡಿಲಿಸಿಕೊಂಡ ಅಧಿಕಾರಿಗಳು, ರಸ್ತೆ ಕೆಲಸದ ಕೂಲಿಗಳು, ಕೈಯಲ್ಲಿ ನಕ್ಷೆ ಹಿಡಿದ ಪ್ರವಾಸಿಗಳು, ಎಲ್ಲರೂ ಅದೇ ಮೆಟ್ಟಿಲು ಹತ್ತುತ್ತಾರೆ. ಒಂದೊಂದು ಅಂಗಡಿಯ ಮುಂದೆಯೂ ಸರದಿ ಸಾಲು ಬೆಳೆಯುತ್ತದೆ.

ಆ ನೂಕುನುಗ್ಗಲಿನ ನಡುವೆ ಹೊಸಬರ ಕಣ್ಣಿಗೆ ಒಂದು ವಿಚಿತ್ರ ಬೀಳುತ್ತದೆ. ಅಲ್ಲೊಂದು ಇಲ್ಲೊಂದು ಮೇಜು ಪೂರ್ತಿ ಖಾಲಿ. ತಟ್ಟೆಯಿಲ್ಲ, ಲೋಟವಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ಆದರೂ ಬಿಸಿ ಬಿಸಿ ಊಟದ ಟ್ರೇ ಹಿಡಿದು ಜಾಗ ಹುಡುಕುವವರು ಆ ಮೇಜಿನ ಹತ್ತಿರ ಹೋಗಿ, ಒಮ್ಮೆ ನೋಡಿ, ಮುಂದೆ ಸಾಗುತ್ತಾರೆ. ಹತ್ತಿರ ಹೋಗಿ ನೋಡಿದರೆ ಮೇಜಿನ ಮೇಲೆ ಅಂಗೈಯಗಲದ ಟಿಶ್ಯೂ ಕಾಗದದ ಪೊಟ್ಟಣ ಒಂದಿರುತ್ತದೆ. ಅಷ್ಟೇ. ಅದನ್ನು ಇಟ್ಟವರು ದೂರದ ಯಾವುದೋ ಸಾಲಿನಲ್ಲಿ ನಿಂತಿದ್ದಾರೆ. ಅವರು ಬರುವತನಕ ಆ ಜಾಗವನ್ನು ಕಾಯುವ ಕೆಲಸ ಈ ಪೊಟ್ಟಣದ್ದು.

ಕಾವಲುಗಾರನಿಲ್ಲದ, ಬೀಗವಿಲ್ಲದ, ಚೀಟಿಯಿಲ್ಲದ ಈ ಕಾಯ್ದಿರಿಸುವಿಕೆಗೆ ಆ ಊರಿನವರು ಇಟ್ಟ ಹೆಸರು 'ಚೋಪ್'. ಓದಲೆಂದು ಸಿಂಗಪುರಕ್ಕೆ ಹೋಗುವ ಕನ್ನಡದ ಹುಡುಗ ಹುಡುಗಿಯರು ಕಾಲೇಜಿನ ಮೊದಲ ಪಾಠಕ್ಕಿಂತ ಮುಂಚೆ ಕಲಿಯುವ ಪಾಠ ಬಹುಶಃ ಇದೇ. ಇದಕ್ಕೆ ಪಠ್ಯಪುಸ್ತಕವಿಲ್ಲ. ತಪ್ಪಿದರೆ ಅಂಕ ಹೋಗುವುದಿಲ್ಲ, ಮುಖಭಂಗ ಮಾತ್ರ ಆಗುತ್ತದೆ.

ಛಾಪಾ ಕಾಗದದ ನೆಂಟ

'ಚೋಪ್' ಎಂಬ ಪದ ಕೇಳಲು ಚೀನೀ ಮಾತಿನಂತಿದ್ದರೂ ಅದರ ಬೇರು ನಮ್ಮ ಕಡೆಗೇ ಬರುತ್ತದೆ. ಸಿಂಗಪುರದ ಇಂಗ್ಲಿಷಿನಲ್ಲಿ ರಬ್ಬರ್ ಮೊಹರಿಗೆ 'ಚಾಪ್' ಎನ್ನುತ್ತಾರೆ. ಮಲಯ ಭಾಷೆಯಲ್ಲೂ ಮುದ್ರೆಗೆ ಹೆಚ್ಚುಕಡಿಮೆ ಅದೇ ಪದ. ಅದರ ಹಿಂದಿರುವುದು ಹಿಂದಿಯ 'ಛಾಪ್' ಎಂಬುದು ಪದಗಳ ಮೂಲ ಹುಡುಕುವವರ ಅಭಿಪ್ರಾಯ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಮೀನು ಪತ್ರ ಬರೆಸುವಾಗ ಕೊಳ್ಳುತ್ತಿದ್ದ ಛಾಪಾ ಕಾಗದ, ಹಳೆಯ ಕಾಲದ ಛಾಪಖಾನೆ, ಸಾಧಕರ ಬಗ್ಗೆ ಹೇಳುವಾಗ 'ತಮ್ಮದೇ ಛಾಪು ಮೂಡಿಸಿದರು' ಎನ್ನುವ ಮಾತು, ಎಲ್ಲವೂ ಒಂದೇ ಬಳಗ. ಮುದ್ರೆ ಒತ್ತಿದರೆ ವಸ್ತು ತನ್ನದಾಯಿತು ಎಂಬ ಹಳೆಯ ಅರ್ಥವೇ ಹಡಗು ಹತ್ತಿ ಸಮುದ್ರ ದಾಟಿ ಊಟದ ಮೇಜಿನ ಮೇಲೆ ಬಂದು ಕುಳಿತಿದೆ. ಮುದ್ರೆಯ ಬದಲು ಕಾಗದದ ಪೊಟ್ಟಣ, ಅಷ್ಟೇ ವ್ಯತ್ಯಾಸ.

ಕೆಲಸದ ರೀತಿಯಲ್ಲಾದರೆ ಚೋಪ್‌ಗೆ ಕನ್ನಡದಲ್ಲಿ ಇನ್ನೂ ಹತ್ತಿರದ ಮಾತೊಂದಿದೆ: 'ಟವಲು ಹಾಕುವುದು'. ತುಂಬಿದ ಬಸ್ಸು ನಿಲ್ದಾಣಕ್ಕೆ ಬರುತ್ತಿದ್ದಂತೆ ಕಿಟಕಿಯಿಂದ ಕೈತೂರಿಸಿ ಸೀಟಿನ ಮೇಲೆ ಟವಲನ್ನೋ ಕರವಸ್ತ್ರವನ್ನೋ ಎಸೆದು, ಆಮೇಲೆ ನಿಧಾನವಾಗಿ ಬಾಗಿಲ ಮೂಲಕ ಒಳಗೆ ಬರುವ ವಿದ್ಯೆ ನಮ್ಮಲ್ಲಿ ಯಾರಿಗೆ ತಿಳಿಯದು? ಈ ಮಾತು ಬಸ್ಸಿನಿಂದಿಳಿದು ರಾಜಕೀಯಕ್ಕೂ ಹೋಗಿದೆ. ಮಂತ್ರಿ ಪದವಿಗೆ ಇಂಥವರು ಆಗಲೇ ಟವಲು ಹಾಕಿದ್ದಾರೆ ಎಂದು ಪತ್ರಿಕೆಗಳು ಬರೆಯುತ್ತವೆ. ಸಿಂಗಪುರದವರ 'ಚೋಪ್' ಕೂಡ ಹಾಗೆಯೇ ಮೇಜಿನಿಂದೆದ್ದು ಹೊರಗೆ ಹೊರಟಿದೆ. 2011ರಲ್ಲಿ ಹೋಟೆಲುಗಳಲ್ಲಿ ಮೇಜು ಕಾಯ್ದಿರಿಸಿಕೊಡುವ ಕಂಪನಿಯೊಂದು ಅಲ್ಲಿ ಹುಟ್ಟಿದಾಗ ಅದು ಇಟ್ಟುಕೊಂಡ ಹೆಸರೂ 'ಚೋಪ್' ಎಂದೇ.

ತಳ್ಳುಗಾಡಿಯಿಂದ ಸೂರಿನ ಕೆಳಗೆ

ಈ ಪದ್ಧತಿ ಏಕೆ ಬಂತು ಎಂದು ತಿಳಿಯಲು ಆ ಊಟದ ಜಾಗಗಳ ಹುಟ್ಟನ್ನು ಸ್ವಲ್ಪ ನೋಡಬೇಕು. ಸಿಂಗಪುರ ವಲಸೆ ಬಂದವರ ಊರು. ಚೀನಾದಿಂದ, ಮಲಯ ದ್ವೀಪಗಳಿಂದ, ಭಾರತದಿಂದ ಬಂದವರು ಹೊಟ್ಟೆಪಾಡಿಗೆಂದು ತಮ್ಮ ತಮ್ಮ ಮನೆಯ ಅಡುಗೆಯನ್ನು ಹೆಗಲ ಮೇಲಿನ ಅಡ್ಡೆಯಲ್ಲೂ ತಳ್ಳುಗಾಡಿಯಲ್ಲೂ ಹೊತ್ತು ಬೀದಿ ಬೀದಿಯಲ್ಲಿ ಮಾರಿದರು. ರುಚಿಗೇನೂ ಕೊರತೆಯಿರಲಿಲ್ಲ. ಆದರೆ ನಲ್ಲಿ ನೀರಿಲ್ಲ, ಚರಂಡಿಯಿಲ್ಲ. ಎಂಜಲು ತಟ್ಟೆ ಒಂದೇ ಬಕೆಟ್ಟಿನ ನೀರಿನಲ್ಲಿ ತೊಳೆಯಬೇಕು. ಕಾಲರಾ, ಟೈಫಾಯ್ಡ್‌ನಂಥ ಕಾಯಿಲೆಗಳ ಭಯ ಬೆನ್ನಿಗಿತ್ತು.

1968-69ರಲ್ಲಿ ಸರ್ಕಾರ ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿತು. ಲೆಕ್ಕಕ್ಕೆ ಸಿಕ್ಕವರು ಸುಮಾರು 18,000 ಮಂದಿ. 1971ರಿಂದ 1986ರವರೆಗೆ ಅವರಿಗಾಗಿಯೇ ನೀರು, ಚರಂಡಿ, ಕಸ ವಿಲೇವಾರಿ ಎಲ್ಲವೂ ಇರುವ ಕಟ್ಟಡಗಳು ಎದ್ದವು. ಅವೇ 'ಹಾಕರ್ ಸೆಂಟರ್'ಗಳು. ಒಂದೇ ಸೂರಿನಡಿ ಹತ್ತಾರು, ಕೆಲವೆಡೆ ನೂರಕ್ಕೂ ಹೆಚ್ಚು ಪುಟ್ಟ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಅಂಥ ಕೇಂದ್ರಗಳು ಈಗ ನೂರಹತ್ತಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಸಿಂಗಪುರದ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲಿಯ ಮುಖ್ಯ ಸಂಗತಿಯೆಂದರೆ ಮೇಜು ಯಾವ ಅಂಗಡಿಯದ್ದೂ ಅಲ್ಲ. ನಮ್ಮ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಕುಳಿತ ಯಜಮಾನರು 'ಸ್ವಾಮಿ, ಇಲ್ಲಿ ಬನ್ನಿ, ಒಬ್ಬರಿಗೆ ಜಾಗವಿದೆ' ಎಂದು ಕೈ ಮಾಡಿ ಕರೆಯುತ್ತಾರೆ. ಹಾಕರ್ ಸೆಂಟರಿನಲ್ಲಿ ಹಾಗೆ ಕರೆಯುವ ಯಜಮಾನನಿಲ್ಲ. ಅಂಗಡಿಯವನಿಗೆ ತನ್ನ ಒಲೆ ಬಿಟ್ಟು ತಲೆಯೆತ್ತಲು ಪುರುಸೊತ್ತಿಲ್ಲ. ಮೇಜು ಒರೆಸುವ ವಯಸ್ಸಾದ ಕೆಲಸಗಾರರಿಗೆ ಜಗಳ ಬಿಡಿಸುವ ಅಧಿಕಾರವಿಲ್ಲ. ಮೇಜಿನ ನ್ಯಾಯವನ್ನು ಉಣ್ಣುವವರೇ ಮಾಡಿಕೊಳ್ಳಬೇಕು.

ಇನ್ನೂ ಎರಡು ಕಾರಣಗಳುಂಟು. ಮೇಜುಗಳಿಗೆ ಅಂಕಿ ಬರೆದಿರುತ್ತಾರೆ. 'ಸೆಲ್ಫ್ ಸರ್ವಿಸ್' ಎಂದು ಫಲಕ ಹಾಕಿದ ಅಂಗಡಿಯಲ್ಲಿ ಗಿರಾಕಿಯೇ ನಿಂತು ಊಟ ತರಬೇಕು. ಆ ಫಲಕವಿಲ್ಲದ ಕೆಲವು ಅಂಗಡಿಗಳವರು ಮೇಜಿನ ಅಂಕಿ ಹೇಳಿದರೆ ತಾವೇ ತಂದುಕೊಡುತ್ತಾರೆ. ಅಂದರೆ ಊಟ ಹೇಳುವ ಮುಂಚೆಯೇ ಮೇಜು ಗೊತ್ತುಮಾಡಿಕೊಂಡಿರಬೇಕು. ಎರಡನೆಯದು ಟಿಶ್ಯೂವಿನ ಕಥೆ. ಈ ಕೇಂದ್ರಗಳಲ್ಲಿ ಕೈಬಾಯಿ ಒರೆಸಲು ಕಾಗದವನ್ನು ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ. ಸಮಭಾಜಕ ವೃತ್ತಕ್ಕೆ ತೀರಾ ಹತ್ತಿರದ ಊರು, ವರ್ಷವಿಡೀ ಬೆವರು. ಮೇಲೆ ಖಾರದ ಲಕ್ಸಾ, ಸಂಬಾಲ್. ಆದ್ದರಿಂದ ಎಲ್ಲರ ಜೇಬಿನಲ್ಲೂ ಒಂದು ಪೊಟ್ಟಣ ಇದ್ದೇ ಇರುತ್ತದೆ. ಮೇಜಿನಿಂದ ಮೇಜಿಗೆ ಹೋಗಿ ಅದನ್ನು ಮಾರುವ ಮುದುಕರೂ ಅಂಗವಿಕಲರೂ ಇದ್ದಾರೆ. ಕಳೆದುಹೋದರೆ ನಷ್ಟವಿಲ್ಲ, ಗಾಳಿಗೆ ಹಾರುವಷ್ಟು ಹಗುರವೂ ಅಲ್ಲ, ಎಲ್ಲರಿಗೂ ಗುರುತು ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಮೊಹರು ಇನ್ನೇನು ಬೇಕು?

ಬರೆಯದೆ ಉಳಿದ ನಿಯಮಗಳು

ಚೋಪ್ ಮಾಡುವುದಕ್ಕೆ ಫಲಕದ ಮೇಲೆ ಬರೆದ ನಿಯಮವಿಲ್ಲ. ಆದರೆ ಅಲ್ಲಿಯವರು ಚಿಕ್ಕಂದಿನಿಂದ ನೋಡಿ ಕಲಿತ ನಡವಳಿಕೆಯುಂಟು. ಗಮನಿಸಿದವರಿಗೆ ಅದು ಹೀಗೆ ಕಾಣುತ್ತದೆ.

ಮೊದಲನೆಯದು, ಇಡುವ ವಸ್ತು. ಟಿಶ್ಯೂ ಪೊಟ್ಟಣ ಎಲ್ಲಕ್ಕಿಂತ ಮಾನ್ಯ. ಮಡಿಸಿದ ಛತ್ರಿ, ನೀರಿನ ಬಾಟಲಿ, ಕಚೇರಿಯ ಗುರುತಿನ ಚೀಟಿ, ಭೇಟಿಯ ಕಾರ್ಡು, ಇವೂ ನಡೆಯುತ್ತವೆ. ಕೆಲವರು ಮೊಬೈಲನ್ನೇ ಇಟ್ಟುಹೋಗುವುದೂ ಉಂಟು. ಹೊರಗಿನಿಂದ ಬಂದವರು ಅದನ್ನು ಕಂಡು ಬೆರಗಾಗುತ್ತಾರೆ. ಆದರೆ ಅಲ್ಲಿಯ ಪೊಲೀಸರೇ ಅಪರಾಧ ಕಡಿಮೆ ಎಂದರೆ ಅಪರಾಧವೇ ಇಲ್ಲ ಎಂದರ್ಥವಲ್ಲ ಎಂದು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ಕಳೆದರೆ ಅಳು ಬರುವ ವಸ್ತುವನ್ನು ಮೇಜಿನ ಕಾವಲಿಗೆ ಬಿಡಬಾರದು.

ಎರಡನೆಯದು, ಅಳತೆ. ಒಂದು ಪೊಟ್ಟಣ ಯಾವ ಆಸನದ ಎದುರು ಕುಳಿತಿದೆಯೋ ಆ ಆಸನಕ್ಕೆ ಸಲ್ಲುತ್ತದೆ. ಒಬ್ಬನೇ ಬಂದವನು ನಾಲ್ಕು ಜನರ ಮೇಜಿನ ನಟ್ಟನಡುವೆ ಪೊಟ್ಟಣ ಇಟ್ಟು ಪೂರ್ತಿ ಮೇಜು ತನ್ನದೆಂದರೆ ಯಾರೂ ಒಪ್ಪುವುದಿಲ್ಲ. ಒಪ್ಪಿದರೂ ಮನಸ್ಸಿನಲ್ಲಿ ಬೈಯುತ್ತಾರೆ. ಇಬ್ಬರು ಬಂದರೆ ಎರಡು ಗುರುತು ಇಟ್ಟು ಉಳಿದೆರಡು ಜಾಗವನ್ನು ಬಿಡುವುದು ಮರ್ಯಾದೆ.

ಮೂರನೆಯದು, ಕೇಳಿ ಕೂರುವುದು. ಅಪರಿಚಿತರೊಂದಿಗೆ ಮೇಜು ಹಂಚಿಕೊಳ್ಳುವುದು ಅಲ್ಲಿ ದಿನನಿತ್ಯದ ಮಾತು. ಆಸನದತ್ತ ಬೆರಳು ತೋರಿ 'ಗಾಟ್ ಪೀಪಲ್?' ಎನ್ನುತ್ತಾರೆ. ಇಂಗ್ಲಿಷ್ ವ್ಯಾಕರಣದ ಮೇಷ್ಟರು ಕೇಳಿದರೆ ಕಿವಿ ಹಿಂಡಬಹುದು. ಆದರೆ 'ಇಲ್ಲಿ ಜನ ಇದಾರಾ?' ಎಂದು ಕೇಳಿ ಅಭ್ಯಾಸವಿರುವ ಕನ್ನಡಿಗನಿಗೆ ಅದು ಕೂಡಲೇ ಅರ್ಥವಾಗುತ್ತದೆ. ಇದ್ದರೆ ಇದ್ದಾರೆ, ಇಲ್ಲದಿದ್ದರೆ ಒಂದು ತಲೆಯಾಡಿಕೆ. ಆಮೇಲೆ ಮಾತಾಡಲೇಬೇಕೆಂಬ ಬಲವಂತವಿಲ್ಲ.

ನಾಲ್ಕನೆಯದು, ಸಮಯ. ಪೊಟ್ಟಣ ಕಾಯುವುದು ಸರದಿಯಲ್ಲಿ ನಿಂತವರಿಗಾಗಿ. ಅದನ್ನು ಇಟ್ಟು ಬ್ಯಾಂಕಿನ ಕೆಲಸ ಮುಗಿಸಿಕೊಂಡು ಬರುವುದಕ್ಕಲ್ಲ. ಊಟವಾದ ಮೇಲೂ ಅಷ್ಟೇ. ಜನ ಟ್ರೇ ಹಿಡಿದು ನಿಂತಿರುವಾಗ ಖಾಲಿ ಲೋಟದ ಮುಂದೆ ಹರಟೆ ಹೊಡೆಯುತ್ತಾ ಕೂರುವಂತಿಲ್ಲ.

ಐದನೆಯದು, ಮನುಷ್ಯರ ಮುಂದೆ ಪೊಟ್ಟಣ ಸೋಲಬೇಕು. ಬೆನ್ನು ಬಾಗಿದ ಅಜ್ಜಿ, ಬಸುರಿ, ಕಂಕುಳಲ್ಲಿ ಮಗುವಿರುವ ತಾಯಿ ಎದುರು ನಿಂತಾಗ 'ಇದು ಚೋಪ್ ಆಗಿದೆ' ಎನ್ನುವುದು ಆ ಊರಿನಲ್ಲೂ ನಾಚಿಕೆಗೇಡು. ಗಾಲಿಕುರ್ಚಿಯಲ್ಲಿ ಬರುವವರಿಗೆಂದು ಸ್ಟೂಲು ತೆಗೆದು ಜಾಗ ಬಿಟ್ಟ ಮೇಜುಗಳಿರುತ್ತವೆ. ಅಲ್ಲಿ ಪೊಟ್ಟಣಕ್ಕೆ ಕೆಲಸವೇ ಇಲ್ಲ.

ಆರನೆಯದು, ಪಕ್ಕದವರ ತಟ್ಟೆ. ಒಂದೇ ಮೇಜಿನಲ್ಲಿ ಒಬ್ಬರ ಮುಂದೆ ಹಂದಿಮಾಂಸದ ನೂಡಲ್ಸ್, ಇನ್ನೊಬ್ಬರ ಮುಂದೆ ನಾಸಿ ಲೆಮಾಕ್, ಮತ್ತೊಬ್ಬರ ಮುಂದೆ ಅವರು 'ತೋಸೈ' ಎನ್ನುವ ನಮ್ಮ ದೋಸೆ. ಮುಸ್ಲಿಮರ ಊಟದ ಪಾತ್ರೆಗಳು ಬೇರೆ, ಟ್ರೇ ಇಡುವ ಕಪಾಟೂ ಬೇರೆ. ಅವನ್ನು ಬೆರೆಸಬಾರದು. ಸಸ್ಯಾಹಾರಿಯಾದವರು ಪಕ್ಕದ ತಟ್ಟೆ ನೋಡಿ ಮೂಗು ಮುಚ್ಚಿಕೊಂಡರೆ ಮೇಜು ಹಂಚಿಕೊಂಡ ಸೌಜನ್ಯಕ್ಕೆ ಅವಮಾನ ಮಾಡಿದಂತೆ. ತೀರಾ ಕಷ್ಟವಾದರೆ ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸದಂಥ ಸಸ್ಯಾಹಾರಿ ಹೋಟೆಲುಗಳಿವೆ. ಅಲ್ಲಿಗೆ ಹೋಗಬಹುದು.

ಪರೀಕ್ಷೆಯಲ್ಲಿ ಕೇಳದ ಲೆಕ್ಕ

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ಚೋಪ್ ನ್ಯಾಯವೇ ಎಂಬ ಪ್ರಶ್ನೆ ಸಿಂಗಪುರದಲ್ಲಿ ಮುಗಿದಿಲ್ಲ. ಪತ್ರಿಕೆಗಳ ವಾಚಕರ ಪತ್ರಗಳಲ್ಲಿ ಅದು ಆಗಾಗ ತಲೆಯೆತ್ತುತ್ತದೆ. ವಿದ್ಯಾರ್ಥಿಗಳು ಇದನ್ನೊಂದು ಸಣ್ಣ ಲೆಕ್ಕವಾಗಿ ಮಾಡಿ ನೋಡಬಹುದು.

ನೂರು ಆಸನಗಳ ಒಂದು ಊಟದ ಮನೆ ಇದೆ ಎಂದುಕೊಳ್ಳೋಣ. ಊಟದ ಸಮಯ ಎರಡು ಗಂಟೆ, ಅಂದರೆ 120 ನಿಮಿಷ. ಸರದಿಯಲ್ಲಿ ನಿಲ್ಲಲು 10 ನಿಮಿಷ, ಉಣ್ಣಲು 20 ನಿಮಿಷ ಬೇಕು. ಎಲ್ಲರೂ ಮೊದಲು ಜಾಗ ಹಿಡಿದು ಆಮೇಲೆ ಸರದಿಗೆ ಹೋದರೆ ಒಂದು ಆಸನ ಒಬ್ಬರಿಗೆ 30 ನಿಮಿಷ ಮೀಸಲಾಗುತ್ತದೆ. ಎರಡು ಗಂಟೆಯಲ್ಲಿ ನಾಲ್ಕು ಪಂಕ್ತಿ, 400 ಜನ. ಯಾರೂ ಜಾಗ ಹಿಡಿಯದೆ ಊಟ ಕೈಗೆ ಬಂದ ಮೇಲಷ್ಟೇ ಕೂತರೆ ಒಂದು ಆಸನಕ್ಕೆ 20 ನಿಮಿಷ ಸಾಕು. ಆರು ಪಂಕ್ತಿ, 600 ಜನ. ಮೇಜು ಒರೆಸುವ, ಜಾಗ ಹುಡುಕುವ ಸಮಯವನ್ನು ಇಲ್ಲಿ ಬಿಟ್ಟಿದೆ. ಆದರೂ ಲೆಕ್ಕದ ಸಾರ ಸ್ಪಷ್ಟ: ಇನ್ನೂರು ಜನರ ಜಾಗದಲ್ಲಿ ಕೂತು ಉಂಡದ್ದು ಟಿಶ್ಯೂ ಪೊಟ್ಟಣ!

ಹಾಗಾದರೆ ಬುದ್ಧಿವಂತರ ಆ ಊರಿನಲ್ಲಿ ಎಲ್ಲರೂ ಇದನ್ನು ಬಿಡಬಾರದೇಕೆ? ಏಕೆಂದರೆ ಬಿಡುವುದಾದರೆ ಎಲ್ಲರೂ ಒಟ್ಟಿಗೆ ಬಿಡಬೇಕು. ಉಳಿದವರೆಲ್ಲ ಪೊಟ್ಟಣ ಇಡುತ್ತಿರುವಾಗ ಒಬ್ಬ ಮಾತ್ರ ಆದರ್ಶ ಪಾಲಿಸಿದರೆ ಅವನು ಕುದಿಯುವ ಸೂಪಿನ ಬಟ್ಟಲು ಹಿಡಿದು ಖಾಲಿ ಮೇಜುಗಳ ನಡುವೆ ಅಲೆಯಬೇಕಾಗುತ್ತದೆ. ಜತೆಗಾರನಿಲ್ಲದೆ ಒಬ್ಬಂಟಿಯಾಗಿ ಬಂದವನಿಗೆ ಬೇರೆ ದಾರಿಯೇ ಇಲ್ಲ. ನಾಲ್ವರು ಬಂದರೆ ಒಬ್ಬರನ್ನು ಮೇಜಿಗೆ ಕೂರಿಸಬಹುದು, ಒಬ್ಬನೇ ಬಂದರೆ ಪೊಟ್ಟಣವೇ ಅವನ ಜತೆಗಾರ. ಟಿಶ್ಯೂ ಪರವಾಗಿ ವಾದಿಸುವವರ ಬಲವಾದ ಅಂಶ ಇದು.

ಇನ್ನೊಂದು ಮಾತೂ ನಿಜ. ಜನ ಕಡಿಮೆಯಿರುವಾಗ ಜಾಗ ಹಿಡಿದರೆ ಯಾರಿಗೂ ತೊಂದರೆಯಿಲ್ಲ. ಅದೇ ಪೊಟ್ಟಣ ಮಧ್ಯಾಹ್ನ ಮೂರಕ್ಕೆ ನಿರುಪದ್ರವಿ, ಹನ್ನೆರಡೂವರೆಗೆ ಮಾತ್ರ ಅಪರಾಧಿ.

ಈ ಮನೋಭಾವಕ್ಕೆ ಹೊಕ್ಕಿಯೆನ್ ಭಾಷೆಯ ಪದವೊಂದಿದೆ: 'ಕಿಯಾಸು'. ಸೋಲುವ ಭಯ ಎಂದರ್ಥ. ಬೇರೆಯವರಿಗೆ ಸಿಕ್ಕಿಬಿಟ್ಟರೆ ತನಗೆ ತಪ್ಪಿಹೋಗುತ್ತದೆ ಎಂಬ ದಿಗಿಲು. ಇಂಗ್ಲಿಷಿನ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿರುವ ಈ ಪದವನ್ನು ಸಿಂಗಪುರದವರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳಲು ಬಳಸುತ್ತಾರೆ. ಮಕ್ಕಳನ್ನು ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡಿಸುವ ತಂದೆತಾಯಿಗಳಿಗೂ 'ಕಿಯಾಸು' ಎಂಬ ಬಿರುದೇ ಸಲ್ಲುತ್ತದೆ. ಪಕ್ಕದ ಮನೆಯ ಹುಡುಗ ಸೇರಿದನೆಂದು ತಮ್ಮ ಮಗನನ್ನೂ ಅದೇ ಕೋಚಿಂಗಿಗೆ ಸೇರಿಸುವ ನಮ್ಮ ಪಾಲಕರಿಗೆ ಈ ಪದದ ಅರ್ಥ ಬೇರೆ ಹೇಳಬೇಕೆ?

ಟ್ರೇಗೆ ಕಾನೂನುಂಟು, ಮೇಜಿಗಿಲ್ಲ

ಸಿಂಗಪುರವೆಂದರೆ ದಂಡದ ಊರೆಂದು ಹೆಸರು. ಉಗುಳಿದರೆ ದಂಡ, ಕಸ ಎಸೆದರೆ ದಂಡ. ಊಟದ ಮೇಜಿಗೂ ಒಂದು ದಂಡ ಬಂದಿದೆ. ಉಂಡ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟುಹೋಗುವ ಅಭ್ಯಾಸ ಬಿಡಿಸಲು ವರ್ಷಗಟ್ಟಲೆ ಪ್ರಚಾರ ನಡೆಯಿತು. ಅದು ಸಾಲದೆಂದು 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರುಗಳಲ್ಲಿ ಟ್ರೇ, ತಟ್ಟೆ, ಎಂಜಲು ಕಾಗದಗಳನ್ನು ಉಂಡವರೇ ತೆಗೆದು ಇಡುವ ನಿಯಮವನ್ನು ಕಡ್ಡಾಯವಾಗಿ ಜಾರಿಗೆ ತಂದರು. 2022ರ ಜನವರಿ 1ರಿಂದ ಅದು ಕಾಫಿ ಅಂಗಡಿಗಳಿಗೂ ಹವಾನಿಯಂತ್ರಿತ ಫುಡ್ ಕೋರ್ಟುಗಳಿಗೂ ಬಂತು. ಮೊದಲ ಸಲ ಸಿಕ್ಕಿಬಿದ್ದರೆ ಲಿಖಿತ ಎಚ್ಚರಿಕೆ, ಎರಡನೆಯ ಸಲ 300 ಸಿಂಗಪುರ ಡಾಲರ್ ದಂಡ. ಟಿಶ್ಯೂ ಪೊಟ್ಟಣ ಮೇಜು ಹಿಡಿಯಲು ಒಳ್ಳೆಯದು, ಆದರೆ ಬಳಸಿದ ಟಿಶ್ಯೂ ಚೂರನ್ನು ಮೇಜಿನ ಮೇಲೆ ಬಿಟ್ಟುಹೋದರೆ ಅದೇ ಅಪರಾಧ. ಈ ತಮಾಷೆಯನ್ನು ಹೊಸಬರು ನೆನಪಿಡಬೇಕು.

ಆದರೆ ಇಷ್ಟು ಕಟ್ಟುನಿಟ್ಟಾದ ಊರಿನಲ್ಲೂ ಮೇಜು ಹಿಡಿಯುವುದರ ಬಗ್ಗೆ ಕಾನೂನಿಲ್ಲ. ಹಿಡಿಯಬಾರದೆಂದೂ ಇಲ್ಲ, ಹಿಡಿದದ್ದಕ್ಕೆ ಹಕ್ಕಿದೆಯೆಂದೂ ಇಲ್ಲ. ಪೊಟ್ಟಣವನ್ನು ಬದಿಗೆ ಸರಿಸಿ ಯಾರಾದರೂ ಕುಳಿತರೆ ಪೊಲೀಸರನ್ನು ಕರೆಯಲಾಗದು.

ಕಾನೂನಿಲ್ಲದ ಕಡೆ ಸಂಯಮವೂ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿಯವರು ಮರೆಯದ ಉದಾಹರಣೆಯೊಂದಿದೆ. 2017ರ ಏಪ್ರಿಲಿನಲ್ಲಿ ತೋವಾ ಪಾಯೋ ಬಡಾವಣೆಯ ಹಾಕರ್ ಸೆಂಟರೊಂದರಲ್ಲಿ ಮೇಜಿನ ವಿಷಯಕ್ಕೆ ಜೋಡಿಯೊಂದಕ್ಕೂ ಎಪ್ಪತ್ತು ದಾಟಿದ ವೃದ್ಧರೊಬ್ಬರಿಗೂ ಮಾತು ಬೆಳೆಯಿತು. ಗಂಡಸು ಆ ವೃದ್ಧರನ್ನು ಬೆನ್ನ ಹಿಂದಿನಿಂದ ನೂಕಿದ. ಯಾರೋ ತೆಗೆದ ವಿಡಿಯೋ ಊರೆಲ್ಲ ಹರಡಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಇಬ್ಬರಿಗೂ ಶಿಕ್ಷೆಯಾಯಿತು. ಗಮನಿಸಬೇಕಾದದ್ದು, ಶಿಕ್ಷೆಯಾದದ್ದು ಮೇಜು ಹಿಡಿದದ್ದಕ್ಕಲ್ಲ, ಆಡಿದ ಮಾತಿಗೆ ಮತ್ತು ಎತ್ತಿದ ಕೈಗೆ. ಮೇಜು ಯಾರದೆಂದು ನ್ಯಾಯಾಲಯ ಹೇಳಬೇಕಾಗಿರಲಿಲ್ಲ. ಮೂರು ನಿಮಿಷ ತಾಳ್ಮೆ ತೋರಿ ಜರುಗಿ ಕೂತಿದ್ದರೆ ಮುಗಿಯುವ ವಿಷಯ ಒಂದು ದೇಶದ ತಲೆತಗ್ಗಿಸಿತು.

ಪೊಟ್ಟಣ ಹಕ್ಕಿನ ಪತ್ರವಲ್ಲ, ಅದೊಂದು ವಿನಂತಿ. 'ನಾನು ಬರುವವರೆಗೆ ದಯವಿಟ್ಟು ಈ ಜಾಗ ಬಿಡಿ' ಎಂದು ಇಲ್ಲದವರ ಪರವಾಗಿ ಅದು ಕೇಳಿಕೊಳ್ಳುತ್ತದೆ. ಕಂಡವರು ಒಪ್ಪಿ ಮುಂದೆ ಹೋಗುತ್ತಾರೆ, ನಾಳೆ ತಮ್ಮ ಪೊಟ್ಟಣಕ್ಕೂ ಅದೇ ಮರ್ಯಾದೆ ಸಿಗಲಿ ಎಂದು. ವಿನಂತಿಯನ್ನು ಯಾರಾದರೂ ಹಕ್ಕೆಂದು ತಿಳಿದ ಕ್ಷಣ ಜಗಳ ಹುಟ್ಟುತ್ತದೆ.

ಊರಿಗೊಂದು ಉಪಾಯ

ಇಂಥ ಪ್ರಶ್ನೆಗೆ ಒಂದೊಂದು ಊರು ಒಂದೊಂದು ಉತ್ತರ ಕಂಡುಕೊಂಡಿದೆ. ಹಾಂಗ್‌ಕಾಂಗಿನ 'ಚಾ ಚಾನ್ ತೆಂಗ್' ಎಂಬ ಚಹಾದಂಗಡಿಗಳಲ್ಲಿ ಮೇಜು ಹಿಡಿಯುವ ಮಾತಿಲ್ಲ. ಖಾಲಿ ಆಸನ ಕಂಡಲ್ಲಿ ಮಾಣಿ ಹೊಸಬರನ್ನು ಕೂರಿಸುತ್ತಾನೆ. ಎದುರಿಗೆ ಯಾರೇ ಇರಲಿ, ತಂತಮ್ಮ ಊಟ ತಮಗೆ. ಜಪಾನಿನಲ್ಲಿ ಚೆರ್ರಿ ಹೂವು ಅರಳುವ ದಿನಗಳಲ್ಲಿ ಉದ್ಯಾನದ ಮರದಡಿ ಜಾಗ ಹಿಡಿಯಲು ನೀಲಿ ಪ್ಲಾಸ್ಟಿಕ್ ಹಾಸು ಹಾಸುತ್ತಾರೆ. ಕಚೇರಿಗೆ ಹೊಸದಾಗಿ ಸೇರಿದ ಕಿರಿಯರನ್ನು ಬೆಳಗಿನಿಂದಲೇ ಅದರ ಕಾವಲಿಗೆ ಕೂರಿಸುವುದೂ ಅಲ್ಲಿಯ ವಾಡಿಕೆ.

ಬೆಂಗಳೂರು ಎರಡು ಉಪಾಯಗಳನ್ನು ಬಲ್ಲದು. 1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾಗಿ, ಸುತ್ತಲಿನ ಶಾಲಾಕಾಲೇಜುಗಳ ಹುಡುಗರಿಂದ ಹೆಸರು ಪಡೆದ ವಿದ್ಯಾರ್ಥಿ ಭವನದಂಥ ಹಳೆಯ ಹೋಟೆಲುಗಳಲ್ಲಿ ಜನ ತಾಳ್ಮೆಯಿಂದ ಕಾಯುತ್ತಾರೆ, ಅಪರಿಚಿತರ ಎದುರು ಕುಳಿತು ಮಸಾಲೆ ದೋಸೆ ಮುರಿಯುತ್ತಾರೆ. ಎರಡನೆಯದು ದರ್ಶಿನಿಗಳದ್ದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿಯೊಂದಿಗೆ ಬಂದ ಈ ಪದ್ಧತಿ ಕುರ್ಚಿಯನ್ನೇ ತೆಗೆದುಹಾಕಿತು. ಎದೆಯೆತ್ತರದ ಮೇಜು, ನಿಂತೇ ತಿಂಡಿ, ನಿಂತೇ ಕಾಫಿ. ಕೂರುವ ಜಾಗವೇ ಇಲ್ಲದ ಮೇಲೆ ಟವಲು ಹಾಕುವುದೆಲ್ಲಿಗೆ? ಆದರೆ ಮಂಡಿನೋವಿನ ಅಜ್ಜನಿಗೆ ಈ ಉಪಾಯ ಒಗ್ಗುವುದಿಲ್ಲ. ಯಾವ ಉಪಾಯಕ್ಕೂ ಅದರದೇ ಆದ ಬೆಲೆಯುಂಟು.

ಹೊಸದಾಗಿ ಹೋಗುವವರಿಗೆ

ಸಿಂಗಪುರದ ವಿಶ್ವವಿದ್ಯಾಲಯಗಳ ಕ್ಯಾಂಟೀನುಗಳೂ ಹಾಕರ್ ಸೆಂಟರಿನ ಮಾದರಿಯವೇ. ಎರಡು ತರಗತಿಗಳ ನಡುವಿನ ಬಿಡುವಿನಲ್ಲಿ ನೂರಾರು ಹುಡುಗರು ಒಟ್ಟಿಗೆ ನುಗ್ಗುತ್ತಾರೆ. ಅಲ್ಲಿ ಪೊಟ್ಟಣದ ಜತೆಗೆ ಪುಸ್ತಕ, ಚೀಲ, ವಿದ್ಯಾರ್ಥಿಯ ಗುರುತಿನ ಚೀಟಿಗಳೂ ಮೇಜು ಕಾಯುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಓದುವ ಮೇಜಿಗೂ ಇದೇ ಪೈಪೋಟಿ. ಕಾಫಿ ಅಂಗಡಿಯಲ್ಲಿ ಒಂದು ಲೋಟ ಕಾಫಿ ಕೊಂಡು ಪುಸ್ತಕ ಹರಡಿ ಗಂಟೆಗಟ್ಟಲೆ ಜಾಗ ಹಿಡಿದವರ ಮೇಲೆ ದೂರುಗಳಿವೆ. ಜನ ಹೆಚ್ಚಿರುವ ಹೊತ್ತಿನಲ್ಲಿ ಇಲ್ಲಿ ಓದಬಾರದು ಎಂದು ಫಲಕ ಹಾಕಿದ ಅಂಗಡಿಗಳೂ ಇವೆ.

ಮಗನನ್ನೋ ಮಗಳನ್ನೋ ಕಳಿಸುವ ತಂದೆತಾಯಿಗಳು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ, ಪ್ರೆಶರ್ ಕುಕ್ಕರ್ ತುಂಬುವುದು ಸಹಜ. ಅದರ ಜತೆಗೆ ನಾಲ್ಕು ಮಾತನ್ನೂ ಕಟ್ಟಿಕೊಡುವುದು ಲೇಸು. ಸಾಧ್ಯವಾದರೆ ಹನ್ನೆರಡಕ್ಕೆ ಮುಂಚೆಯೋ ಎರಡರ ನಂತರವೋ ಊಟಕ್ಕೆ ಹೋಗು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಖಾಲಿ ಮೇಜು ಕಂಡರೆ ಕೂರುವ ಮುಂಚೆ ಅದರ ಮೇಲೇನಿದೆ ನೋಡು. ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳು. ಅಂಗಡಿಯ ಹಿರಿಯರನ್ನು, ಮೇಜು ಒರೆಸುವವರನ್ನು 'ಅಂಕಲ್', 'ಆಂಟಿ' ಎಂದು ಕರೆ. ಆ ಊರಿನ ರೂಢಿಯೂ ಅದೇ, ನಮ್ಮ ರೂಢಿಯೂ ಅದೇ. ತಪ್ಪಿ ಬೇರೆಯವರು ಹಿಡಿದ ಜಾಗದಲ್ಲಿ ಕೂತಿದ್ದರೆ ವಾದಿಸದೆ 'ಸಾರಿ' ಎಂದು ಏಳು. ಎದ್ದವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ಬಹಳ ಸಲ 'ಇರಲಿ, ಜರುಗಿ ಕೂರೋಣ' ಎಂಬ ಉತ್ತರವೇ ಬರುತ್ತದೆ.

ಪರವೂರಿನಲ್ಲಿ ಮನುಷ್ಯ ಮೊದಲು ಪರಕೀಯನಾಗುವುದು ಭಾಷೆ ಬಾರದೆ ಅಲ್ಲ, ಎಲ್ಲರಿಗೂ ಗೊತ್ತಿರುವ ಆದರೆ ಯಾರೂ ಹೇಳಿಕೊಡದ ಇಂಥ ಸಣ್ಣ ನಡವಳಿಕೆ ತಿಳಿಯದೆ. ಅದನ್ನು ಕಲಿಯುವ ದಾರಿ ಒಂದೇ: ನೋಡುವುದು, ಕೇಳುವುದು, ಸ್ವಲ್ಪ ಜರುಗಿ ಜಾಗ ಕೊಡುವುದು. ಇಷ್ಟು ಬಂದವರು ಸಿಂಗಪುರದಲ್ಲಷ್ಟೇ ಅಲ್ಲ, ಹಬ್ಬದ ಹಿಂದಿನ ದಿನ ಊರಿಗೆ ಹೊರಟ ನಮ್ಮ ಕೆಂಪು ಬಸ್ಸಿನಲ್ಲೂ ನೆಮ್ಮದಿಯಾಗಿ ಪ್ರಯಾಣ ಮಾಡಬಲ್ಲರು. ಟವಲು ಇರಲಿ, ಇಲ್ಲದಿರಲಿ.